ವಿಜ್ಞಾನ ಮತ್ತು ಸಮಾಜಪಾಠಗಳ ಬೋಧನೆಯಲ್ಲಿ ಕಿರುಚಿತ್ರಗಳ ಸ್ಥಾನ

ಶಾಲಾ ಕಾಲೇಜುಗಳ ಬೋಧನೆಯಲ್ಲಿ ಕಿರುಚಿತ್ರಗಳ ಬಳಕೆ ಈಗ ಹೊಸತೇನೂ ಅಲ್ಲ. ಐದು ಹತ್ತು ನಿಮಿಷಗಳ ಅವಧಿಯಲ್ಲಿ ಒಂದು ವಿಷಯವನ್ನು ತೋರಿಸಿ ವಿವರಿಸುವ ವೀಡಿಯೋಗಳನ್ನೇ ಇಲ್ಲಿ ಕಿರುಚಿತ್ರಗಳೆಂದು ಕರೆದಿದ್ದೇವೆ. ಉಪಾಧ್ಯಾಯರು ತಮ್ಮ ಫೋನನ್ನು ಪ್ರೊಜೆಕ್ಟರಿಗೆ ಜೋಡಿಸಿ ಅವುಗಳನ್ನು ತರಗತಿಗೆಲ್ಲ ತೋರಿಸಬಹುದು. ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾಗಿರುವ ಕ್ಯೂಆರ್ ಕೋಡಿನ ಮೂಲಕ ವಿದ್ಯಾರ್ಥಿಯು ಮನೆಯಲ್ಲಿಯೇ ನೋಡಬಹುದು. ಇಷ್ಟು ಸೌಲಭ್ಯವಿರುವಾಗ ಅವುಗಳನ್ನು ಬಳಸಬೇಕೆ ಬೇಡವೆ ಎಂಬ ಚರ್ಚೆ ನಿರರ್ಥಕವಾದುದು. ಯಾವ ಪಾಠಕ್ಕೆ ಯಾವ ಬಗೆಯ ಚಿತ್ರವನ್ನು ಹೇಗೆ ತೋರಿಸಬೇಕೆಂಬುದೇ ಪರಿಶೀಲಿಸತಕ್ಕ ವಿಷಯ. ವಿಜ್ಞಾನಕ್ಕೆ ಒಪ್ಪುವ ಕ್ರಮವೇ ಸಮಾಜಪಾಠಕ್ಕೂ, ಅದರಲ್ಲಿಯೂ ಚರಿತ್ರೆಗೂ ಒಪ್ಪುತ್ತದೆಂಬ ಭಾವನೆ ನಮ್ಮಲ್ಲಿ ಅನೇಕರಿಗುಂಟು. ನಮಗೂ ಇದ್ದಿತು.

ಕೆಲವು ವರ್ಷಗಳ ಹಿಂದೆ ಪದವಿ ತರಗತಿಗೆ 1565ರ ತಾಳಿಕೋಟೆಯ ಯುದ್ಧವನ್ನು ಬೋಧಿಸಿ, ಪಾಠದ ಕಡೆಗೆ ಒಂದು ಕಿರುಚಿತ್ರವನ್ನು ತೋರಿಸಿದೆವು. ನಟರನ್ನಿಟ್ಟು, ಗಣಕಯಂತ್ರದಿಂದ ಸೈನ್ಯಗಳನ್ನು ಸೃಷ್ಟಿಸಿ ಮಾಡಿದ ಚಿತ್ರವದು. ವಿದ್ಯಾರ್ಥಿಗಳು ಮೆಚ್ಚಿದರು, ನಾವೂ ಮೆಚ್ಚಿದೆವು. ಪರೀಕ್ಷೆಯ ಉತ್ತರಗಳನ್ನು ಓದುವಾಗ ಮಾತ್ರ ನಮಗೆ ಗಾಬರಿಯಾಯಿತು. ಅಳಿಯ ರಾಮರಾಯನು ಬಿಳಿಯ ಕುದುರೆಯನ್ನೇರಿ, ಕತ್ತಿ ಹಿರಿದು, ಶತ್ರುಸೈನ್ಯದ ನಡುವೆ ನುಗ್ಗಿದನೆಂದು ಹಲವರು ಬರೆದಿದ್ದರು. ನಾವು ತರಗತಿಯಲ್ಲಿ ಹೇಳಿದ್ದು ಬೇರೆ. ಬಿಜಾಪುರದ ಆಸ್ಥಾನದಲ್ಲಿದ್ದು ಬರೆದ ಫಿರಿಷ್ತಾನ ವೃತ್ತಾಂತದಂತೆ, ವೃದ್ಧನಾಗಿದ್ದ ರಾಮರಾಯನು ಆ ದಿನ ಆಳುಗಳು ಹೊರುವ ಆಸನದಲ್ಲಿ ಕುಳಿತು ಸೈನ್ಯವನ್ನು ನಡೆಸಿದನು. ಈ ಮಾತನ್ನು ಆ ವಿದ್ಯಾರ್ಥಿಗಳು ಕೇಳಿದ್ದರು, ಟಿಪ್ಪಣಿಯಲ್ಲಿ ಬರೆದುಕೊಂಡಿದ್ದರು. ಆದರೂ ಅವರ ನೆನಪಿನಲ್ಲಿ ಉಳಿದುದು ಕುದುರೆ. ತಪ್ಪು ಅವರದಲ್ಲ, ತೋರಿಸಿದ ನಮ್ಮದು. ಈ ಲೇಖನದ ವಿಚಾರಗಳು ಅಲ್ಲಿಂದ ಹುಟ್ಟಿದುವು.

ಚಲಚ್ಚಿತ್ರದಿಂದ ಶಿಕ್ಷಣದ ರೂಪವೇ ಬದಲಾಗುವುದೆಂಬ ನಿರೀಕ್ಷೆ ಹಳೆಯದು. ಶಾಲೆಗಳಲ್ಲಿ ಪುಸ್ತಕಗಳಿಗೆ ಬೇಗನೆ ಕೆಲಸವಿಲ್ಲದಂತಾಗುವುದೆಂದೂ, ಹತ್ತು ವರ್ಷಗಳಲ್ಲಿ ಶಾಲೆಯ ವ್ಯವಸ್ಥೆಯೇ ಮಾರ್ಪಡುವುದೆಂದೂ ಥಾಮಸ್ ಎಡಿಸನ್ 1913ರಲ್ಲಿ ಭವಿಷ್ಯ ನುಡಿದಿದ್ದನು. ಹತ್ತು ವರ್ಷಗಳು ಕಳೆದುವು, ನೂರು ವರ್ಷಗಳೂ ಕಳೆದುವು, ಪುಸ್ತಕಗಳು ಉಳಿದಿವೆ. ನಮ್ಮ ದೇಶದಲ್ಲಿ ಈ ದಿಕ್ಕಿನಲ್ಲಿ ನಡೆದ ಅತ್ಯಂತ ದೊಡ್ಡ ಪ್ರಯತ್ನವೆಂದರೆ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮಗಳನ್ನು ಕಳುಹಿಸಲಾಯಿತು. ಕರ್ನಾಟಕದಲ್ಲಿ ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಇದರಲ್ಲಿ ಸೇರಿದ್ದುವು. ವಿದ್ಯುದ್ದೀಪವೇ ಅಪರೂಪವಾಗಿದ್ದ ಊರುಗಳಲ್ಲಿ ತಂತಿಬಲೆಯ ದೊಡ್ಡ ಬಟ್ಟಲಿನಂಥ ಆಂಟೆನಾ ನಿಂತಿತು. ಪ್ರತಿದಿನ ಬೆಳಗ್ಗೆ ಒಂದೂವರೆ ಗಂಟೆಯ ಕಾಲವನ್ನು ಶಾಲಾಮಕ್ಕಳಿಗೆಂದು ಮೀಸಲಿಟ್ಟು, ಅದನ್ನು ಹಿಂದಿ, ಕನ್ನಡ, ತೆಲುಗು, ಒರಿಯಾ ಎಂಬ ನಾಲ್ಕು ಭಾಷೆಗಳಿಗೆ ಹಂಚಿದ್ದರು. ಹೀಗೆ ಕನ್ನಡದ ಪಾಲಿಗೆ ಬಂದುದು ಇಪ್ಪತ್ತೆರಡೂವರೆ ನಿಮಿಷ.

ಆ ಪ್ರಯೋಗದ ಸಾಹಸವನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ. ಆದರೆ ಅದರ ಒಂದು ಗುಣವನ್ನು ನಮ್ಮ ವಿಷಯಕ್ಕಾಗಿ ಗಮನಿಸಬೇಕು. ಚಿತ್ರವು ಆಕಾಶದಿಂದ ಗೊತ್ತಾದ ಹೊತ್ತಿಗೆ ಬರುತ್ತಿತ್ತು, ಗೊತ್ತಾದ ಹೊತ್ತಿಗೆ ಮುಗಿಯುತ್ತಿತ್ತು. ಹಳ್ಳಿಯ ಉಪಾಧ್ಯಾಯನು ಅದನ್ನು ನಡುವೆ ನಿಲ್ಲಿಸುವಂತಿರಲಿಲ್ಲ. ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ತೋರಿಸುವಂತಿರಲಿಲ್ಲ. ಮಗುವೊಂದು ಪ್ರಶ್ನೆ ಕೇಳಿದರೆ ಉತ್ತರಿಸುವಷ್ಟರಲ್ಲಿ ಚಿತ್ರ ಮುಂದೆ ಹೋಗಿರುತ್ತಿತ್ತು. ಇಂದಿನ ಕಿರುಚಿತ್ರವು ಅಂದಿನ ಕಾರ್ಯಕ್ರಮಕ್ಕಿಂತ ಮೇಲಾಗಿರುವುದು ಬಣ್ಣದಲ್ಲಿ ಅಲ್ಲ, ಸ್ಪಷ್ಟತೆಯಲ್ಲಿಯೂ ಅಲ್ಲ. ಅದು ನಿಲ್ಲಿಸಿದರೆ ನಿಲ್ಲುತ್ತದೆ. ಇದೊಂದೇ ಅದರ ನಿಜವಾದ ಹೆಚ್ಚಳ. ಅಷ್ಟಿದ್ದರೂ ನಮ್ಮ ತರಗತಿಗಳಲ್ಲಿ ಕಿರುಚಿತ್ರವನ್ನು ಆರಂಭಿಸಿ, ದೀಪವಾರಿಸಿ, ಮುಗಿಯುವವರೆಗೆ ಬಾಗಿಲ ಬಳಿ ಕೈಕಟ್ಟಿ ನಿಲ್ಲುವುದೇ ವಾಡಿಕೆಯಾಗಿದೆ.

ಈಗ ವಿಜ್ಞಾನಕ್ಕೆ ಬರೋಣ. ಬರಿಗಣ್ಣಿಗೆ ಎಟುಕದ ಕಾಲವನ್ನೂ ದೂರವನ್ನೂ ಕಣ್ಣಿನ ಅಳತೆಗೆ ತರುವುದರಲ್ಲಿ ಚಲಚ್ಚಿತ್ರಕ್ಕೆ ಸಮಾನವಾದ ಉಪಕರಣವಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಚಲಚ್ಚಿತ್ರ ಹುಟ್ಟಿ ಇನ್ನೂ ನಾಲ್ಕೈದು ವರ್ಷ ತುಂಬುವ ಮೊದಲೇ, ಲೈಪ್ಜಿಗ್ ನಗರದ ಸಸ್ಯಶಾಸ್ತ್ರಜ್ಞ ವಿಲ್ಹೆಲ್ಮ್ ಫೆಫರ್ ಗಿಡಗಳ ಬೆಳವಣಿಗೆಯನ್ನು ಆಗಾಗ್ಗೆ ಒಂದೊಂದು ಚಿತ್ರದಂತೆ ತೆಗೆದು, ಒಟ್ಟಾಗಿ ಓಡಿಸಿ, ದಿನಗಳ ಚಲನೆಯನ್ನು ಕ್ಷಣಗಳಿಗೆ ಇಳಿಸಿದನು. ಹೂವು ಅರಳುವುದನ್ನೂ ಬೇರು ನೆಲವನ್ನು ಸೀಳುವುದನ್ನೂ ಇಂದು ನಾವು ನೋಡುವುದು ಅದೇ ಉಪಾಯದಿಂದ. 1977ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ತಯಾರಿಸಿದ ‘ಪವರ್ಸ್ ಆಫ್ ಟೆನ್’ ಎಂಬ ಚಿತ್ರವಂತೂ ಒಂಬತ್ತೇ ನಿಮಿಷಗಳಲ್ಲಿ ಮುಗಿಯುತ್ತದೆ. ಶಿಕಾಗೋ ನಗರದ ಹುಲ್ಲುಗಾವಲಿನಲ್ಲಿ ಮಲಗಿದ ಒಬ್ಬ ಮನುಷ್ಯನಿಂದ ಆರಂಭವಾಗಿ, ಹತ್ತು ಸೆಕೆಂಡಿಗೊಮ್ಮೆ ಹತ್ತು ಪಟ್ಟು ದೂರ ಸರಿಯುತ್ತ, ನಗರ, ಭೂಮಿ, ಸೌರವ್ಯೂಹ, ತಾರಾಮಂಡಲಗಳನ್ನು ದಾಟಿ, ಮತ್ತೆ ಹಿಂದಿರುಗಿ ಅದೇ ಮನುಷ್ಯನ ಕೈಯ ಚರ್ಮದೊಳಕ್ಕೆ, ಜೀವಕೋಶದೊಳಕ್ಕೆ, ಪರಮಾಣುವಿನೊಳಕ್ಕೆ ಅದು ಇಳಿಯುತ್ತದೆ. ಹತ್ತರ ಘಾತವೆಂದರೇನೆಂಬುದನ್ನು ಕಪ್ಪುಹಲಗೆಯ ಮೇಲೆ ಹತ್ತು ದಿನ ಬರೆದರೂ ಈ ಅನುಭವವುಂಟಾಗದು. ಹೀಗೆ ಹೇಳುವುದರಲ್ಲಿ ನಮಗೆ ಸಂಕೋಚವಿಲ್ಲ.

ಆದರೆ ನೋಡಿದ ಮಾತ್ರಕ್ಕೆ ತಿಳಿಯುತ್ತದೆಯೆ? ಇಲ್ಲಿಯೇ ಎಚ್ಚರ ಬೇಕು. 1971ರ ಆಗಸ್ಟಿನಲ್ಲಿ ಅಪೋಲೋ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಿಂದ ಸುತ್ತಿಗೆಯನ್ನೂ ಇನ್ನೊಂದು ಕೈಯಿಂದ ಗಿಡುಗದ ಗರಿಯನ್ನೂ ಒಟ್ಟಿಗೆ ಬಿಟ್ಟನು. ಎರಡೂ ಒಟ್ಟಿಗೆ ನೆಲ ಮುಟ್ಟಿದುವು. ಒಂದು ನಿಮಿಷವೂ ಇಲ್ಲದ ಈ ಚಿತ್ರವನ್ನು ಭೌತಶಾಸ್ತ್ರದ ಉಪಾಧ್ಯಾಯರು ಮೆಚ್ಚಿ ತೋರಿಸುತ್ತಾರೆ. ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರೊಬ್ಬರು ಇದನ್ನು ತೋರಿಸಿದ ಮೇಲೆ, ಹೀಗೇಕಾಯಿತೆಂದು ಕೇಳಿದಾಗ, ಚಂದ್ರನಲ್ಲಿ ಗುರುತ್ವಾಕರ್ಷಣೆಯಿಲ್ಲ, ಅದಕ್ಕೆ, ಎಂದು ವಿದ್ಯಾರ್ಥಿಯೊಬ್ಬನು ಉತ್ತರ ಕೊಟ್ಟನಂತೆ. ಆಕರ್ಷಣೆಯೇ ಇಲ್ಲದಿದ್ದರೆ ಸುತ್ತಿಗೆ ಬಿದ್ದುದಾದರೂ ಹೇಗೆ? ಇಲ್ಲದುದು ಗಾಳಿ. ಆದರೆ ಹುಡುಗನು ಚಿತ್ರವನ್ನು ತನ್ನ ಹಳೆಯ ತಪ್ಪು ತಿಳಿವಳಿಕೆಗೇ ಸಾಕ್ಷಿಯನ್ನಾಗಿ ಮಾಡಿಕೊಂಡಿದ್ದನು.

ಇದು ಒಬ್ಬ ಹುಡುಗನ ದಡ್ಡತನವಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ಕ್ಯಾಥರೀನ್ ಕ್ರೌಚ್, ಎರಿಕ್ ಮಜೂರ್ ಮುಂತಾದವರು ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿಕೊಟ್ಟಿದೆ. ಅದು ವೀಡಿಯೋವನ್ನು ಕುರಿತದ್ದಲ್ಲ. ತರಗತಿಯಲ್ಲಿ ಕಣ್ಣೆದುರಿಗೆ ಮಾಡಿ ತೋರಿಸುವ ಪ್ರಯೋಗಗಳನ್ನು ಕುರಿತದ್ದು. ಪ್ರಯೋಗವನ್ನು ಸುಮ್ಮನೆ ನೋಡಿದವರ ತಿಳಿವಳಿಕೆಯು, ನೋಡದೆಯೇ ಇದ್ದವರ ತಿಳಿವಳಿಕೆಗಿಂತ ಹೇಳಿಕೊಳ್ಳುವಷ್ಟು ಹೆಚ್ಚಾಗಿರಲಿಲ್ಲ. ಮುಂದೇನಾಗುವುದೆಂದು ಮೊದಲೇ ಊಹಿಸಿ ಉತ್ತರ ಗುರುತಿಸಿ ಆಮೇಲೆ ನೋಡಿದವರು ಮಾತ್ರ ಮುಂದಿದ್ದರು. ಕಣ್ಣೆದುರಿನ ಪ್ರಯೋಗದ ಗತಿಯೇ ಹೀಗಾದರೆ ತೆರೆಯ ಮೇಲಿನದರ ಮಾತೇನು! ಸಿಡ್ನಿ ವಿಶ್ವವಿದ್ಯಾಲಯಕ್ಕೆ 2008ರಲ್ಲಿ ಡೆರೆಕ್ ಮುಲ್ಲರ್ ಒಪ್ಪಿಸಿದ ಪ್ರೌಢಪ್ರಬಂಧದ ಫಲಿತಾಂಶ ಇನ್ನೂ ವಿಚಿತ್ರವಾದುದು. ಭೌತಶಾಸ್ತ್ರದ ವಿಷಯವೊಂದನ್ನು ನೇರವಾಗಿ, ತಿಳಿಯಾಗಿ ವಿವರಿಸಿದ ವೀಡಿಯೋವನ್ನು ನೋಡಿದವರು ಅದು ಬಹಳ ಸ್ಪಷ್ಟವಾಗಿದೆಯೆಂದು ಹೊಗಳಿದರು. ಆದರೆ ಅವರ ಅಂಕಗಳು ಬಹುಮಟ್ಟಿಗೆ ಇದ್ದಲ್ಲಿಯೇ ಇದ್ದುವು. ಸಾಮಾನ್ಯವಾದ ತಪ್ಪು ಕಲ್ಪನೆಗಳನ್ನು ಮೊದಲು ಬಾಯಿಂದ ಆಡಿಸಿ, ಅವುಗಳೊಡನೆ ವಾದಿಸುವ ವೀಡಿಯೋವನ್ನು ನೋಡಿದವರು ಗೊಂದಲವಾಯಿತೆಂದು ಗೊಣಗಿದರು. ಆದರೆ ಕಲಿತವರು ಅವರೇ. ಹಾಗಾದರೆ ಪಾಠ ಮುಗಿದ ಮೇಲೆ ‘ಅರ್ಥವಾಯಿತೆ?’ ಎಂದು ಕೇಳಿ, ‘ಆಯಿತು ಸಾರ್’ ಎಂಬ ಉತ್ತರದಿಂದ ತೃಪ್ತರಾಗುವ ನಮ್ಮ ಪದ್ಧತಿಗೆ ಬೆಲೆಯೆಷ್ಟು?

ವಿಜ್ಞಾನದ ಮಟ್ಟಿಗೆ ಇದಕ್ಕೆ ಪರಿಹಾರವುಂಟು, ಸುಲಭವೂ ಆಗಿದೆ. ಗರಿ ಕೈಬಿಡುವ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಿ, ಏನಾಗುವುದೆಂದು ಪ್ರತಿಯೊಬ್ಬನೂ ಒಂದು ಸಾಲು ಬರೆಯಲಿ, ಏಕೆಂಬುದನ್ನು ಇನ್ನೊಂದು ಸಾಲಿನಲ್ಲಿ ಬರೆಯಲಿ. ಆಮೇಲೆ ತೋರಿಸಿ, ಮತ್ತೆ ನಿಲ್ಲಿಸಿ, ಬರೆದುದನ್ನು ಓದಿಸಬೇಕು. ಸಂದೇಹ ಉಳಿದರೆ ಒಂದು ನಾಣ್ಯವನ್ನೂ ಅದಕ್ಕಿಂತ ಚಿಕ್ಕದಾಗಿ ಕತ್ತರಿಸಿದ ಕಾಗದದ ಬಿಲ್ಲೆಯನ್ನೂ ತರಗತಿಯಲ್ಲಿಯೇ ಬೀಳಿಸಬಹುದು. ಮೊದಲು ಬೇರೆಬೇರೆಯಾಗಿ, ಆಮೇಲೆ ಕಾಗದವನ್ನು ನಾಣ್ಯದ ಬೆನ್ನಿಗಿಟ್ಟು. ವಿಜ್ಞಾನದ ಚಿತ್ರಕ್ಕೆ ಈ ಅನುಕೂಲವಿದೆ: ಅದು ಹೇಳಿದುದನ್ನು ಚಿತ್ರದ ಹೊರಗೆ ಬಂದು ಪರೀಕ್ಷಿಸಬಹುದು. ಚಿತ್ರ ತಪ್ಪಾಗಿದ್ದರೆ ನಾಣ್ಯ ತಿದ್ದುತ್ತದೆ.

ಚರಿತ್ರೆಯಲ್ಲಿ ಹಾಗೆ ತಿದ್ದುವವರಾರು? ತಾಳಿಕೋಟೆಯ ಯುದ್ಧವನ್ನು ಮೈದಾನದಲ್ಲಿ ಇನ್ನೊಮ್ಮೆ ನಡೆಸಿ ನೋಡುವಂತಿಲ್ಲ. ನಮಗಿರುವುದು ಸಾಕ್ಷಿಗಳು, ಅವೂ ಪರಸ್ಪರ ಒಪ್ಪದ ಸಾಕ್ಷಿಗಳು. ಈ ಭೇದವನ್ನು ನಮಗೆ ಮನಗಾಣಿಸಿದುದು, ಆಶ್ಚರ್ಯವೆಂದರೆ, ಒಂದು ಭೌತಶಾಸ್ತ್ರದ ಚಿತ್ರ. 1960ರಲ್ಲಿ ಟೊರಾಂಟೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಹ್ಯೂಮ್ ಮತ್ತು ಐವಿ ಎಂಬವರು ಅಮೆರಿಕದ ಪ್ರೌಢಶಾಲೆಗಳಿಗಾಗಿ ‘ಫ್ರೇಮ್ಸ್ ಆಫ್ ರೆಫರೆನ್ಸ್’ ಎಂಬ ಚಿತ್ರವನ್ನು ಮಾಡಿದರು. ಆರಂಭದಲ್ಲಿ ಒಬ್ಬರು ನೆಟ್ಟಗಿರುವಂತೆಯೂ ಇನ್ನೊಬ್ಬರು ತಲೆಕೆಳಗಾಗಿರುವಂತೆಯೂ ಕಾಣುತ್ತದೆ. ನೀವು ತಲೆಕೆಳಗಾಗಿದ್ದೀರಿ, ಇಲ್ಲ, ನೀವೇ, ಎಂದು ಇಬ್ಬರೂ ವಾದಿಸುತ್ತಾರೆ. ಕಡೆಗೆ ನೋಡಿದರೆ ನೆಟ್ಟಗೆ ಕಂಡ ಹ್ಯೂಮರೇ ತಲೆಕೆಳಗಾಗಿದ್ದವರು. ನಾವು ಅವರನ್ನು ನೋಡಿದ ಕ್ಯಾಮೆರಾವೂ ತಲೆಕೆಳಗಾಗಿತ್ತು! ಚಲನೆಯನ್ನು ಕುರಿತು ಏನು ಹೇಳಬೇಕಾದರೂ, ಎಲ್ಲಿ ನಿಂತು ನೋಡಿದೆವೆಂಬುದನ್ನು ಮೊದಲು ಹೇಳಬೇಕೆಂಬುದೇ ಆ ಚಿತ್ರದ ಪಾಠ. ಇದನ್ನು ಒಮ್ಮೆ ಚರಿತ್ರೆಯ ವಿದ್ಯಾರ್ಥಿಗಳಿಗೆ ತೋರಿಸಿ ನೋಡಿರೆಂದು ನಮ್ಮ ಸಹೋದ್ಯೋಗಿಗಳಲ್ಲಿ ವಿನಂತಿಸುತ್ತೇವೆ. ತನ್ನ ಕ್ಯಾಮೆರಾ ಎಲ್ಲಿದೆಯೆಂಬುದನ್ನು ವಿಜ್ಞಾನದ ಒಳ್ಳೆಯ ಚಿತ್ರ ತಾನೇ ಒಪ್ಪಿಕೊಳ್ಳುತ್ತದೆ. ಚರಿತ್ರೆಯ ಚಿತ್ರ ಸಾಮಾನ್ಯವಾಗಿ ಅದನ್ನು ಮುಚ್ಚಿಡುತ್ತದೆ.

ಕ್ಯಾಮೆರಾದ ಸ್ಥಾನವನ್ನು ವಿಚಾರಿಸುವುದರಿಂದ ಎಷ್ಟು ತಿಳಿಯಬಹುದೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇವೆ. ಒಂದನೆಯ ಮಹಾಯುದ್ಧದಲ್ಲಿ ಸೊಮ್ ನದಿಯ ಬಳಿಯ ಕದನ 1916ರ ಜುಲೈ 1ರಂದು ಆರಂಭವಾಯಿತು. ಆಗಸ್ಟಿನಲ್ಲಿಯೇ ‘ದಿ ಬ್ಯಾಟಲ್ ಆಫ್ ದಿ ಸೊಮ್’ ಎಂಬ ಚಿತ್ರ ಬ್ರಿಟನ್ನಿನಲ್ಲಿ ಪ್ರದರ್ಶನಗೊಂಡು, ಲಕ್ಷೋಪಲಕ್ಷ ಜನ ಅದನ್ನು ನೋಡಿದರು. ಸೈನಿಕರು ಕಂದಕದಿಂದ ಮೇಲೇರಿ ಮುನ್ನುಗ್ಗುವುದು, ಒಬ್ಬನು ಗುಂಡು ತಗುಲಿ ಕಂದಕದೊಳಕ್ಕೇ ಜಾರುವುದು ಅದರ ಅತ್ಯಂತ ಪ್ರಸಿದ್ಧವಾದ ದೃಶ್ಯ. ಅದು ನಿಜವಾದ ಕದನದ ದೃಶ್ಯವಲ್ಲ. ರಣರಂಗದ ಹಿಂದೆ ತರಬೇತಿಯ ಶಾಲೆಯೊಂದರ ಬಳಿ ಆಡಿಸಿ ತೆಗೆದುದೆಂದು ಆಮೇಲೆ ನಿರ್ಧಾರವಾಯಿತು. ಉಳಿದ ಚಿತ್ರದ ಬಹುಭಾಗ ನೈಜವಾದುದೇ. ಯುದ್ಧಚರಿತ್ರೆಯನ್ನು ಓದದ ವಿದ್ಯಾರ್ಥಿಗೂ ಈ ಸಂದೇಹ ಬರುವಂತೆ ಮಾಡಬಹುದು. ಚಿತ್ರವನ್ನು ನಿಲ್ಲಿಸಿ ಹೀಗೆ ಕೇಳಿದರೆ ಸಾಕು: ಕಂದಕದಿಂದ ತಲೆಯೆತ್ತಿದವನಿಗೆ ಗುಂಡು ತಗುಲುತ್ತಿರುವಾಗ, ಇದನ್ನು ತೆಗೆಯುತ್ತಿರುವವನು ತನ್ನ ಕ್ಯಾಮೆರಾವನ್ನು ಎಲ್ಲಿ ನೆಟ್ಟಿದ್ದಾನೆ? ನಮ್ಮ ತರಗತಿಯಲ್ಲಿ ಈ ಪ್ರಶ್ನೆಯ ಬಳಿಕ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತನಾಡಿದರು.

ಸೊಮ್ ಚಿತ್ರವಾದರೂ ಆ ಕಾಲದ್ದು. ಆಡಿಸಿದ ದೃಶ್ಯವೂ 1916ರ ಜನ ಯುದ್ಧವನ್ನು ಹೇಗೆ ಕಾಣಬಯಸಿದ್ದರೆಂಬುದಕ್ಕೆ ಸಾಕ್ಷಿಯಾಗುತ್ತದೆ. ಈಗ ತಯಾರಾಗುವ ಪುನರಭಿನಯದ ಚಿತ್ರಗಳಿಗೆ ಆ ಯೋಗ್ಯತೆಯೂ ಇಲ್ಲ. ಅವು ಸಾಕ್ಷಿಗಳಲ್ಲ, ಯಾರೋ ಸಾಕ್ಷಿಗಳನ್ನು ಓದಿಯೋ ಓದದೆಯೋ ಕಟ್ಟಿದ ಊಹೆಗಳು. ಗ್ರಂಥದಲ್ಲಿ ಲೇಖಕನು ‘ಬಹುಶಃ’ ಎನ್ನಬಹುದು, ‘ಒಂದು ಮತದಂತೆ’ ಎನ್ನಬಹುದು. ಚಿತ್ರದಲ್ಲಿ ‘ಬಹುಶಃ’ ಎಂಬುದನ್ನು ತೋರಿಸುವುದು ಹೇಗೆ? ಕುದುರೆಗೆ ಯಾವುದಾದರೊಂದು ಬಣ್ಣವನ್ನು ಕೊಡಲೇಬೇಕು. ಈ ಬಣ್ಣ ಓದಿದ ಮಾತನ್ನು ಮೀರಿ ನೆನಪಿನಲ್ಲಿ ನಿಲ್ಲುತ್ತದೆಂಬುದು ನಮ್ಮ ತರಗತಿಯೊಂದರ ಅನುಭವವಷ್ಟೇ ಅಲ್ಲ. ಅಮೆರಿಕದಲ್ಲಿ ಆಂಡ್ರೂ ಬಟ್ಲರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳು ಚಾರಿತ್ರಿಕ ಘಟನೆಗಳನ್ನು ಕುರಿತ ಸರಿಯಾದ ಲೇಖನಗಳನ್ನು ಓದಿ, ಅವೇ ಘಟನೆಗಳನ್ನು ಕುರಿತ ಕಥಾಚಿತ್ರಗಳ ತುಣುಕುಗಳನ್ನೂ ನೋಡಿದರು. ಚಿತ್ರವು ಲೇಖನಕ್ಕೆ ಹೊಂದಿಕೊಂಡಿದ್ದಲ್ಲಿ ಅವರ ನೆನಪು ಚೆನ್ನಾಗಿ ವೃದ್ಧಿಯಾಯಿತು. ಚಿತ್ರವು ಲೇಖನಕ್ಕೆ ವಿರುದ್ಧವಾಗಿದ್ದಲ್ಲಿ, ಅನೇಕರು ಚಿತ್ರದ ತಪ್ಪನ್ನೇ ಲೇಖನದಲ್ಲಿ ಓದಿದುದೆಂದು ನಂಬಿ ಉತ್ತರಿಸಿದರು. ಚಿತ್ರಗಳಲ್ಲಿ ತಪ್ಪುಗಳಿರುತ್ತವೆ, ಎಚ್ಚರ, ಎಂಬ ಸಾಮಾನ್ಯವಾದ ಬುದ್ಧಿವಾದದಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ಈ ಚಿತ್ರದಲ್ಲಿ ಇಂಥದೇ ಸಂಗತಿ ತಪ್ಪು, ಸರಿಯಾದುದು ಹೀಗೆ, ಎಂದು ಹೆಸರಿಸಿ ಹೇಳಿದಾಗ ಮಾತ್ರ ತಪ್ಪು ಬಹಳ ಕಡಿಮೆಯಾಯಿತು. ಎಂದರೆ ಉಪಾಧ್ಯಾಯರು ಚಿತ್ರವನ್ನು ಮುಂಚಿತವಾಗಿ ಪೂರ್ತಿಯಾಗಿ ನೋಡಿ, ಮೂಲಗಳೊಡನೆ ಒರೆಹಚ್ಚಿರಬೇಕು. ಇದಕ್ಕೆ ಅಡ್ಡದಾರಿಯಿಲ್ಲ.

ಭೂಗೋಳವು ಈ ಎರಡರ ನಡುವೆ ನಿಲ್ಲುತ್ತದೆ. 2013ರಲ್ಲಿ ಹಾರಿದ ಇನ್ಸಾಟ್-3ಡಿಯಂಥ ಉಪಗ್ರಹಗಳು ಅರ್ಧಗಂಟೆಗೊಮ್ಮೆ ತೆಗೆಯುವ ಚಿತ್ರಗಳನ್ನು ಸಾಲಾಗಿ ಓಡಿಸಿದರೆ, ಮುಂಗಾರಿನ ಮೋಡಗಳು ಅರಬ್ಬೀ ಸಮುದ್ರದಿಂದ ಬಂದು ಪಶ್ಚಿಮ ಘಟ್ಟಗಳಿಗೆ ಒತ್ತುವುದು ಒಂದೇ ನಿಮಿಷದಲ್ಲಿ ಕಾಣುತ್ತದೆ. ಇದು ಆಡಿಸಿದ ದೃಶ್ಯವಲ್ಲ, ನಿಜವಾದ ದಾಖಲೆ. ಆದರೂ ಅಲ್ಲಿನ ಬಣ್ಣಗಳು ಅನೇಕ ವೇಳೆ ಮೋಡದ ತುದಿಯ ಉಷ್ಣತೆಯನ್ನು ಸೂಚಿಸಲು ಕೊಟ್ಟವು. ಆಕಾಶದಲ್ಲಿ ಕೆಂಪು ಮೋಡ ತೇಲುತ್ತಿರುವುದಿಲ್ಲ. ಒಂದು ಸೆಕೆಂಡು ಎಷ್ಟು ಗಂಟೆಗಳಿಗೆ ಸಮವೆಂಬುದನ್ನೂ ಹೇಳದಿದ್ದರೆ ಗಾಳಿಯ ವೇಗದ ಕಲ್ಪನೆ ಕೆಡುತ್ತದೆ.

ಇನ್ನು ಅವಧಿಯ ಮಾತು. ಕಿರುಚಿತ್ರ ಆರು ನಿಮಿಷವನ್ನು ಮೀರಕೂಡದೆಂದು ಈಚೆಗೆ ಅನೇಕರು ಹೇಳುವುದುಂಟು. ಇದಕ್ಕೆ ಆಧಾರ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಎಡ್ಎಕ್ಸ್ ಎಂಬ ಅಂತರಜಾಲ ಶಿಕ್ಷಣ ವ್ಯವಸ್ಥೆಯಲ್ಲಿ ಸುಮಾರು 69 ಲಕ್ಷ ಬಾರಿ ವೀಡಿಯೋ ನೋಡಿದುದನ್ನು ಪರಿಶೀಲಿಸಿದಾಗ, ವೀಡಿಯೋ ಎಷ್ಟೇ ಉದ್ದವಾಗಿದ್ದರೂ ಸಾಮಾನ್ಯ ವಿದ್ಯಾರ್ಥಿ ಹೆಚ್ಚೆಂದರೆ ಆರು ನಿಮಿಷ ನೋಡುತ್ತಿದ್ದನೆಂದು ಕಂಡುಬಂದಿತು. ಇದು ತನ್ನಷ್ಟಕ್ಕೆ ಮನೆಯಲ್ಲಿ ನೋಡುವವನ ತಾಳ್ಮೆಯ ಅಳತೆಯೇ ಹೊರತು ಕಲಿಕೆಯ ಅಳತೆಯಲ್ಲ. ತರಗತಿಗೆ ಹೆಚ್ಚು ಉಪಯುಕ್ತವಾದುದು ಮೇಯರ್ ಮತ್ತು ಚಾಂಡ್ಲರ್ 2001ರಲ್ಲಿ ಕಂಡುಕೊಂಡ ಸಂಗತಿ. ಮಿಂಚು ಹುಟ್ಟುವ ಬಗೆಯನ್ನು ತೋರಿಸುವ ಒಂದು ಚಿಕ್ಕ ಚಿತ್ರವನ್ನು ತುಂಡುಗಳಾಗಿ ಮಾಡಿ, ಒಂದೊಂದನ್ನೂ ವಿದ್ಯಾರ್ಥಿಯೇ ಮುಂದುವರಿಸುವಂತೆ ಬಿಟ್ಟಾಗ, ಕಲಿತುದನ್ನು ಹೊಸ ಪ್ರಶ್ನೆಗಳಿಗೆ ಅನ್ವಯಿಸುವ ಶಕ್ತಿ ಹೆಚ್ಚಾಯಿತು. ನಮ್ಮ ಅನುಭವದಲ್ಲಿಯೂ ಮೂರು ನಿಮಿಷದ ಚಿತ್ರಕ್ಕೆ ನಲವತ್ತು ನಿಮಿಷದ ಅವಧಿ ಸಾಲದೆ ಹೋದುದುಂಟು.

ಧ್ವನಿಯ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. 1930ರ ದಂಡೀಯಾತ್ರೆಯ ಹಳೆಯ ಚಿತ್ರಭಾಗಗಳನ್ನು ಈಗ ಬಳಸುವವರು ಅವುಗಳಿಗೆ ಹೆಜ್ಜೆಯ ಸಪ್ಪಳವನ್ನೂ ಭಜನೆಯನ್ನೂ ಹೊಂದಿಸಿರುತ್ತಾರೆ. ಮೂಲದಲ್ಲಿ ಅವು ಮೂಕಚಿತ್ರಗಳು. ಧ್ವನಿಯನ್ನು ಅಡಗಿಸಿ ತೋರಿಸಿದರೆ ವಿದ್ಯಾರ್ಥಿಗಳು ಮುಖಗಳನ್ನು ನೋಡುತ್ತಾರೆ, ಬರಿಗಾಲುಗಳನ್ನು ನೋಡುತ್ತಾರೆ, ದಾರಿಯ ಬದಿಯಲ್ಲಿ ನಿಂತವರನ್ನು ಎಣಿಸುತ್ತಾರೆ. ಕೆಲವೆಡೆ ಚಿತ್ರವೇ ಬೇಡ. ಅದೇ ವರ್ಷದ ಏಪ್ರಿಲಿನಲ್ಲಿ ಅಂಕೋಲೆಯ ಕಡಲ ದಡದಲ್ಲಿ ಉಪ್ಪಿನ ಕಾನೂನನ್ನು ಮುರಿದರು. ಆ ಸೀಮೆಯ ಶಾಲೆಯೊಂದು ದಂಡಿಯ ವೀಡಿಯೋ ತೋರಿಸಿ ಮಕ್ಕಳನ್ನು ಮನೆಗೆ ಕಳುಹಿಸಿದರೆ, ಕೂಗಳತೆಯಲ್ಲಿರುವ ಕಡಲನ್ನು ಬಿಟ್ಟು ಗೋಡೆಯನ್ನು ನೋಡಿದಂತಾಗುತ್ತದೆ.

ತಾಳಿಕೋಟೆಯ ಆ ಕಿರುಚಿತ್ರವನ್ನು ನಾವು ಬಿಟ್ಟಿಲ್ಲ. ಈಗ ಅದನ್ನು ತೋರಿಸುವ ಮೊದಲು ಮೂರು ಸಾಕ್ಷಿಗಳನ್ನು ವಿದ್ಯಾರ್ಥಿಗಳ ಮುಂದಿಡುತ್ತೇವೆ. ಒಂದು, ಫಿರಿಷ್ತಾನ ವೃತ್ತಾಂತದ ಭಾಗ. ಎರಡು, ವೆನಿಸ್ಸಿನ ವ್ಯಾಪಾರಿ ಚೇಸರೆ ಫೆಡರೀಚಿಯ ಬರೆಹ. ಯುದ್ಧವಾಗಿ ಎರಡು ವರ್ಷಗಳ ಮೇಲೆ, 1567ರಲ್ಲಿ, ವಿಜಯನಗರಕ್ಕೆ ಬಂದ ಅವನು ಮನೆಗಳು ನಿಂತಿದ್ದುದನ್ನೂ ಅವುಗಳಲ್ಲಿ ಜನರಿಲ್ಲದಿದ್ದುದನ್ನೂ ಹೇಳುತ್ತಾನೆ, ರಾಮರಾಯನ ಸೋಲಿಗೆ ಅವನ ಸೈನ್ಯದೊಳಗಿನ ಇಬ್ಬರು ಸೇನಾಧಿಪತಿಗಳ ದ್ರೋಹವೇ ಕಾರಣವೆನ್ನುತ್ತಾನೆ. ಮೂರು, ಗೆದ್ದ ಅಹಮದ್‌ನಗರದ ಆಸ್ಥಾನದಲ್ಲಿ ರಚಿತವಾಗಿ ಈಗ ಪುಣೆಯಲ್ಲಿರುವ ‘ತಾರೀಫ್-ಇ ಹುಸೇನ್ ಶಾಹಿ’ ಎಂಬ ಸಚಿತ್ರ ಕಾವ್ಯದ ವಿವರ. ಆಮೇಲೆ ಚಿತ್ರವನ್ನು ಧ್ವನಿಯಿಲ್ಲದೆ ಓಡಿಸಿ, ಪ್ರತಿ ದೃಶ್ಯದಲ್ಲಿಯೂ ನಿಲ್ಲಿಸಿ, ಇದನ್ನು ಯಾರು ಹೇಳಿದರೆಂದು ಕೇಳುತ್ತೇವೆ. ಬಿಳಿಯ ಕುದುರೆಯ ಬಳಿ ಯಾರೂ ಹೇಳಿಲ್ಲವೆಂಬ ಉತ್ತರ ಬೇಗನೆ ಬರುತ್ತದೆ. ಕಳೆದ ವರ್ಷ ನಗರವೆಲ್ಲ ಒಂದೇ ರಾತ್ರಿ ಉರಿದುಹೋಗುವ ದೃಶ್ಯದಲ್ಲಿ ನಿಲ್ಲಿಸಿದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸಾರ್, ಫೆಡರೀಚಿ ನೋಡಿದ ಮನೆಗಳು ಹಾಗಾದರೆ ಯಾವುವು?’ ಎಂದು ಕೇಳಿದಳು. ಉಳಿದ ಅವಧಿಯೆಲ್ಲ ಆ ಪ್ರಶ್ನೆಗೇ ಹೋಯಿತು. ಚಿತ್ರದಲ್ಲಿ ಇನ್ನೂ ಎರಡು ನಿಮಿಷಗಳು ಉಳಿದಿದ್ದುವು, ಅವನ್ನು ತೋರಿಸಲಿಲ್ಲ.